ವಚನಗಳನ್ನು ಎಣಿಸಿದಾಗ ಸಿಕ್ಕಿದ್ದು ಯಾರು?

ಪ್ರಶ್ನೆ: ನಾನು ಕನ್ನಡ ಉಪನ್ಯಾಸಕಿ. ಬಸವಣ್ಣನವರ ಅಂಕಿತದಲ್ಲಿರುವ ವಚನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರಕ್ಷಿಪ್ತವಿರಬಹುದೆಂದು, ಎಂದರೆ ಬೇರೆಯವರು ಆಮೇಲೆ ಸೇರಿಸಿದ್ದಿರಬಹುದೆಂದು ನನಗೆ ಅನುಮಾನವಿರುವ 60 ವಚನಗಳನ್ನು ಒಂದು ಹಳೆಯ ಮುದ್ರಣದಿಂದ ಆರಿಸಿ ಡಿ.ಟಿ.ಪಿ. ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಎಲ್ಲರೂ ಒಪ್ಪಿರುವ 60 ವಚನಗಳನ್ನು ಅಂತರಜಾಲದಿಂದ ಇಳಿಸಿಕೊಂಡೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮ ಒಂದು ಪ್ರೋಗ್ರಾಂ ಬರೆದು ಪದಗಳನ್ನು ಎಣಿಸಿದ. 'ಎರಡು ಗುಂಪೂ ಬೇರೆ ಬೇರೆ, ಶೇ 83ರಷ್ಟು ವಚನಗಳನ್ನು ಇದು ಸರಿಯಾಗಿ ಗುರುತಿಸುತ್ತದೆ' ಎಂದ. ಎಂದರೆ ಆ 60 ವಚನಗಳು ಬಸವಣ್ಣನವರದಲ್ಲ ಎನ್ನಲು ಶೇ 83ರಷ್ಟು ಪುರಾವೆ ಸಿಕ್ಕಂತಲ್ಲವೇ? ಮಾರ್ಗದರ್ಶಕರಿಗೆ ತೋರಿಸಿದರೆ, 'ಸಾಹಿತ್ಯವನ್ನು ತಕ್ಕಡಿಯಲ್ಲಿ ತೂಗುತ್ತೀರೇನಮ್ಮ? ಈ ಅಧ್ಯಾಯ ತೆಗೆದುಬಿಡಿ' ಎಂದರು. ಒಂದು ವರ್ಷದ ಕೆಲಸ. ಇಡಲೇ, ತೆಗೆಯಲೇ? ಎಣಿಕೆಯಿಂದ ಕರ್ತೃವನ್ನು ಕಂಡುಹಿಡಿಯುವುದು ನಿಜಕ್ಕೂ ಸಾಧ್ಯವೇ? ಎರಡೂ ಕಡತಗಳನ್ನು ಕಳಿಸಿದ್ದೇನೆ.

ಉತ್ತರ: ಕಡತಗಳನ್ನು ಕಳಿಸಿದ್ದು ಒಳ್ಳೆಯದಾಯಿತು. ಪತ್ರವಷ್ಟೇ ಬಂದಿದ್ದರೆ ಸಂಖ್ಯಾಶಾಸ್ತ್ರದ ಬಗ್ಗೆ ನಾಲ್ಕು ಮಾತು ಬರೆದು ಕೈತೊಳೆದುಕೊಳ್ಳುತ್ತಿದ್ದೆ, ನಿಮ್ಮ ತೊಡಕು ಇದ್ದಲ್ಲೇ ಇರುತ್ತಿತ್ತು.

ನಿಮ್ಮ ತಮ್ಮ ಎಣಿಸಿದ ರೀತಿಯಲ್ಲೇ ಎಣಿಸಿ, ಯಾವ ಪದಗಳ ಬಲದ ಮೇಲೆ ಎರಡು ಗುಂಪು ಬೇರೆಯಾಗುತ್ತಿವೆ ಎಂದು ಪಟ್ಟಿ ತೆಗೆದೆ. ಪಟ್ಟಿಯ ತಲೆಯಲ್ಲಿದ್ದವು ಇವು: ಲಿಂಗ, ಸಂಗ, ಎಂದು, ಎಂಬ, ಜಂಗಮ. ವಚನಗಳಲ್ಲಿ ಇವು ಎಲ್ಲಿಲ್ಲ ಹೇಳಿ? ಬಸವಣ್ಣನವರನ್ನು ಬೇರೊಬ್ಬರಿಂದ ಬೇರೆ ಮಾಡುವ ಪದಗಳು ಇವಾಗಲು ಹೇಗೆ ಸಾಧ್ಯ ಎಂದು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ಕಂಡಿತು: ಐದರಲ್ಲೂ ಸೊನ್ನೆ ಇದೆ. ಅಂತರಜಾಲದಿಂದ ಇಳಿಸಿಕೊಂಡ ಕಡತದಲ್ಲಿ ಆ ಸೊನ್ನೆ ಅನುಸ್ವಾರ. ಅಂಗಡಿಯಲ್ಲಿ ಟೈಪ್ ಮಾಡಿಸಿದ ಕಡತದಲ್ಲಿ ಅದು ಅಂಕಿಯ ಸೊನ್ನೆ, ೧೦, ೨೦ ಎಂದು ಬರೆಯುವಾಗ ಬರುವ ಕನ್ನಡದ ೦. ನಿಮ್ಮ ಕಣ್ಣಿಗೂ ನನ್ನ ಕಣ್ಣಿಗೂ 'ಲಿಂಗ' ಮತ್ತು 'ಲಿ೦ಗ' ಒಂದೇ. ಕಂಪ್ಯೂಟರಿಗೆ ಅವು ಆನೆ, ಆಡುಗಳಷ್ಟೇ ಬೇರೆ ಬೇರೆ ಪದಗಳು. ಅನುಸ್ವಾರವನ್ನು ಸೊನ್ನೆ ಎಂದು ಕರೆಯುವವರು ನಾವೇ. ಟೈಪ್ ಮಾಡಿದವರು ಸೊನ್ನೆ ಎಂದುಕೊಂಡು ಸೊನ್ನೆಯನ್ನೇ ಒತ್ತಿದರೆ ಅವರದೇನು ತಪ್ಪು? ಪುಣ್ಯಕ್ಕೆ ಅವರು ಎಲ್ಲ ಕಡೆ ಹಾಗೆ ಮಾಡಿಲ್ಲ. ಮಾಡಿದ್ದರೆ ನಿಮ್ಮ ತಮ್ಮನಿಗೆ ಶೇ 83ರ ಬದಲು ಶೇ 100ರ ಹತ್ತಿರ ಬರುತ್ತಿತ್ತು, ನೀವು ಇನ್ನಷ್ಟು ನಂಬುತ್ತಿದ್ದಿರಿ.

ಪ್ರೋಗ್ರಾಂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಇಬ್ಬರು ಮನುಷ್ಯರನ್ನು ಅದು ಬೇರೆ ಬೇರೆ ಎಂದು ಗುರುತಿಸಿದೆ. ಆ ಇಬ್ಬರೂ ಟೈಪಿಸ್ಟರು, ಅಷ್ಟೇ.

ಇದನ್ನು ಓದಿ ಕುಗ್ಗಬೇಡಿ. ನಾನೂ ಇಂಥದೇ ಗುಂಡಿಗೆ ಬಿದ್ದವನು. ಚಂಪೂಕಾವ್ಯವೊಂದರ ಆಶ್ವಾಸಗಳಲ್ಲಿ, ಎಂದರೆ ಅಧ್ಯಾಯಗಳಲ್ಲಿ, ಇಬ್ಬರು ಕರ್ತೃಗಳ 'ಎರಡು ಕೈ' ಕಂಡುಹಿಡಿದೆನೆಂದು ವಿಚಾರಸಂಕಿರಣವೊಂದರಲ್ಲಿ ಬಹಳ ಉತ್ಸಾಹದಿಂದ ಪ್ರಬಂಧ ಓದಿದ್ದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, 'ಯಾವ ಆಶ್ವಾಸದಲ್ಲಿ ಗದ್ಯ ಎಷ್ಟಿದೆ, ಪದ್ಯ ಎಷ್ಟಿದೆ ನೋಡಿದ್ದೀರಾ?' ಎಂದು ಕೇಳಿದರು. ನೋಡಿರಲಿಲ್ಲ. ನಾನು ಕಂಡುಹಿಡಿದ ಎರಡು ಕೈಗಳಲ್ಲಿ ಒಂದು ಗದ್ಯ, ಇನ್ನೊಂದು ಪದ್ಯ. ಅಮೆರಿಕದ ಮೆಂಡೆನ್‌ಹಾಲ್ ಎಂಬ ಭೌತವಿಜ್ಞಾನಿ ಇದೇ ತಪ್ಪನ್ನು ನನಗಿಂತ ಬಹಳ ಮೊದಲೇ ಮಾಡಿ ಮುಗಿಸಿದ್ದರು ಎಂದು ಆಮೇಲೆ ತಿಳಿಯಿತು. ಶೇಕ್ಸ್‌ಪಿಯರ್ ನಾಟಕಗಳನ್ನು ನಿಜಕ್ಕೂ ಬರೆದವನು ಗದ್ಯಲೇಖಕ ಬೇಕನ್ ಎಂಬ ವಾದವೊಂದಿತ್ತು; ಪದಗಳ ಉದ್ದವನ್ನು ಎಣಿಸಿ ಅವರು 1901ರಲ್ಲಿ ಶೇಕ್ಸ್‌ಪಿಯರ್ ಬೇರೆ, ಬೇಕನ್ ಬೇರೆ ಎಂದು ತೋರಿಸಿದರು. 1975ರಲ್ಲಿ ವಿಲಿಯಮ್ಸ್ ಎಂಬುವರು ಅದನ್ನು ಮತ್ತೆ ಪರಿಶೀಲಿಸಿ, ಅದು ಪದ್ಯಕ್ಕೂ ಗದ್ಯಕ್ಕೂ ಇರುವ ವ್ಯತ್ಯಾಸವಾಗಿರಬಹುದು ಎಂದರು. ಅವರಿಬ್ಬರೂ ಬೇರೆ ಬೇರೆ ಎಂಬ ಮಾತಿನಲ್ಲೇನೂ ತಪ್ಪಿರಲಿಲ್ಲ, ಪುರಾವೆ ಮಾತ್ರ ಪುರಾವೆಯಾಗಿರಲಿಲ್ಲ.

ನಿಮ್ಮ ಕಡತದ ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡಿ, ಮತ್ತೆ ಎಣಿಸಿದೆ. 83 ಇದ್ದದ್ದು 61ಕ್ಕೆ ಇಳಿಯಿತು. ಎರಡು ಗುಂಪೂ ಸಮ ಇರುವುದರಿಂದ ನಾಣ್ಯ ಚಿಮ್ಮಿ ಹೇಳಿದರೂ ಶೇ 50 ಸರಿಯಾಗುತ್ತದೆ ಎಂಬುದು ನೆನಪಿರಲಿ. ಉಳಿದ ಆ ಹನ್ನೊಂದು ಎಲ್ಲಿಂದ ಬಂತು ಎಂದು ಮತ್ತೆ ಪಟ್ಟಿ ತೆಗೆದರೆ, ಈ ಸಲ ಮೇಲೆ ಬಂದವು ಷಟ್‌ಸ್ಥಲ, ಅಷ್ಟಾವರಣದಂಥ ವೀರಶೈವ ಶಾಸ್ತ್ರದ ಪರಿಭಾಷೆಯ ಪದಗಳು. ಇಲ್ಲಿ ನಿಮ್ಮನ್ನೊಂದು ಪ್ರಶ್ನೆ ಕೇಳಬೇಕು. ಆ 60 ವಚನಗಳ ಮೇಲೆ ನಿಮಗೆ ಅನುಮಾನ ಬಂದದ್ದಾದರೂ ಏಕೆ? ಪರಿಭಾಷೆ ಹೆಚ್ಚಾಯಿತು, ಇದು ಆಮೇಲಿನ ಶಾಸ್ತ್ರದ ವಾಸನೆ ಎಂದು ತಾನೇ? ಹಾಗಿದ್ದರೆ ಪರಿಭಾಷೆ ನೋಡಿ ಗುಂಪು ಕಟ್ಟಿದವರು ನೀವು. ಗುಂಪಿನಲ್ಲಿ ಪರಿಭಾಷೆ ಹೆಚ್ಚಿದೆ ಎಂದು ನಿಮಗೇ ವರದಿ ಒಪ್ಪಿಸಿದ್ದು ಕಂಪ್ಯೂಟರ್. ನೀವೇ ಬಚ್ಚಿಟ್ಟದ್ದನ್ನು ನೀವೇ ಹುಡುಕಿ ತೆಗೆದಂತಾಯಿತು. ಅನುಮಾನ ತಪ್ಪೆಂದು ನಾನು ಹೇಳುತ್ತಿಲ್ಲ. ಅನುಮಾನಕ್ಕೆ ಕಾರಣವಾದದ್ದೇ ಅದಕ್ಕೆ ಸಾಕ್ಷಿಯೂ ಆಗಲಾರದು ಎನ್ನುತ್ತಿದ್ದೇನೆ.

ಶೇ 83 ಎಂಬ ಮಾತಿನಲ್ಲೇ ಇನ್ನೊಂದು ಗೊಂದಲವಿದೆ. ಕಡತ ಎಷ್ಟೇ ಶುದ್ಧವಾಗಿದ್ದರೂ ಅದು 'ಇವು ಬಸವಣ್ಣನವರದಲ್ಲ ಎನ್ನಲು ಶೇ 83 ಪುರಾವೆ' ಎಂದಾಗುವುದಿಲ್ಲ. ಒಂದು ವಚನ ಕೊಟ್ಟರೆ ಅದು ಎರಡು ರಾಶಿಗಳಲ್ಲಿ ಯಾವುದರಿಂದ ಬಂದದ್ದು ಎಂದು ನೂರಕ್ಕೆ 83 ಸಲ ಸರಿಯಾಗಿ ಹೇಳಬಲ್ಲೆ ಎಂಬುದಷ್ಟೇ ಅದರ ಅರ್ಥ. ಎಣಿಕೆಗೆ ಗೊತ್ತಿರುವುದು ರಾಶಿಗಳು. ಆ ರಾಶಿಗಳ ಮೇಲೆ ಹೆಸರಿನ ಚೀಟಿ ಅಂಟಿಸಿದವರು ನಾವು. ಅವು ಬೇರೆಯಾಗಲು ಕರ್ತೃ ಒಂದು ಕಾರಣ. ವಸ್ತು, ಛಂದಸ್ಸು, ಕಾಲ, ಲಿಪಿಕಾರ, ಸಂಪಾದಕ, ಈಗ ನೋಡಿದಂತೆ ಟೈಪಿಸ್ಟ್, ಇವರೆಲ್ಲರೂ ಅದೇ ಸರದಿಯಲ್ಲಿ ನಿಂತಿರುತ್ತಾರೆ.

ಈಗ ನಿಮ್ಮ ಮಾರ್ಗದರ್ಶಕರ ತಕ್ಕಡಿಗೆ ಬರೋಣ. ಅಧ್ಯಾಯ ಈಗಿರುವಂತೆ ಬೇಡ ಎಂಬ ಅವರ ತೀರ್ಮಾನ ಸರಿ, ಕೊಟ್ಟ ಕಾರಣ ಸರಿಯಲ್ಲ. ಕನ್ನಡ ಪಾಂಡಿತ್ಯ ಎಣಿಸದೇ ಇದ್ದದ್ದು ಯಾವಾಗ? ಮಾತ್ರೆ, ಗಣ ಎಣಿಸದೆ ಛಂದಸ್ಸಿಲ್ಲ. ಶಾಸನದಲ್ಲಿ ಪಕಾರ ಉಳಿದಿದೆಯೋ ಹಕಾರ ಬಂದಿದೆಯೋ, ೞಕಾರ ಇದೆಯೋ ಳಕಾರವಾಗಿದೆಯೋ ಎಂದು ನೋಡಿ ಕಾಲ ಹೇಳುವುದು ನಮ್ಮಲ್ಲಿ ನೂರು ವರ್ಷದಿಂದ ನಡೆದುಬಂದಿದೆ. 'ಈ ಪ್ರಯೋಗ ವಿರಳ', 'ಈ ಕವಿಯಲ್ಲಿ ಇದು ಹೇರಳ' ಎಂದು ಪ್ರತಿಯೊಂದು ಸಂಪಾದನೆಯ ಪೀಠಿಕೆಯೂ ಬರೆಯುತ್ತದೆ. ವಿರಳ, ಹೇರಳ ಎಂಬವು ಸಂಖ್ಯೆ ಬಾಯಿಬಿಡದ ಎಣಿಕೆಗಳು. ಅವುಗಳಿಗೆ ಬಾಯಿ ಬಿಡಿಸಿದರೆ ಸಾಹಿತ್ಯಕ್ಕೆ ಮೈಲಿಗೆಯಾಗುವುದಿಲ್ಲ. ಇದನ್ನು ಮಾರ್ಗದರ್ಶಕರಿಗೆ ವಾದವಾಗಿ ಹೇಳಲು ಹೋಗಬೇಡಿ. ಅವರೇ ಬರೆದ ಪೀಠಿಕೆಯೊಂದರಲ್ಲಿ ಇಂಥ ಸಾಲು ಇದ್ದೇ ಇರುತ್ತದೆ. ಅದನ್ನು ನಿಮ್ಮ ಅಧ್ಯಾಯದ ಮೊದಲಲ್ಲಿ ಗೌರವದಿಂದ ಉಲ್ಲೇಖಿಸಿ.

ಎಣಿಕೆಯಿಂದ ಕರ್ತೃ ಸಿಕ್ಕ ಉದಾಹರಣೆಗಳು ಇವೆಯೇ? ಇವೆ. ಅವು ಹೇಗೆ ಸಿಕ್ಕವು ಎಂದು ನೋಡಿದರೆ ವಚನದಲ್ಲಿ ಏಕೆ ಕಷ್ಟ ಎಂಬುದು ತಾನಾಗಿಯೇ ತಿಳಿಯುತ್ತದೆ.

ಎಲ್ಲರೂ ಹೇಳುವ ಉದಾಹರಣೆ ಅಮೆರಿಕದ್ದು. 1787-88ರಲ್ಲಿ ಅಲ್ಲಿನ ಹೊಸ ಸಂವಿಧಾನವನ್ನು ಬೆಂಬಲಿಸಿ 85 ಪ್ರಬಂಧಗಳು ಬಂದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು. ಹಾಕಿಕೊಂಡದ್ದು 'ಪಬ್ಲಿಯಸ್' ಎಂಬ ಒಂದೇ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದೇ ಅಂಕಿತ. ಇವುಗಳಲ್ಲಿ 12 ಹ್ಯಾಮಿಲ್ಟನ್ ಬರೆದವೋ ಮ್ಯಾಡಿಸನ್ ಬರೆದವೋ ಎಂಬ ಜಗಳ ಬಹುಕಾಲ ನಡೆಯಿತು. ಸಂಖ್ಯಾಶಾಸ್ತ್ರಜ್ಞ ಮೋಸ್ಟೆಲರ್ ಮತ್ತು ಅವರ ಜೊತೆಗಾರರೊಬ್ಬರು 1941ರಲ್ಲಿ ಮೊದಲು ವಾಕ್ಯದ ಉದ್ದ ಎಣಿಸಿದರು. ಹ್ಯಾಮಿಲ್ಟನ್ ವಾಕ್ಯಕ್ಕೆ ಸರಾಸರಿ 34.55 ಪದ, ಮ್ಯಾಡಿಸನ್ ವಾಕ್ಯಕ್ಕೆ 34.59. ಆ ಪ್ರಯತ್ನ ಅಲ್ಲಿಗೇ ನಿಂತಿತು. ಬಹಳ ವರ್ಷಗಳ ನಂತರ ಡಗ್ಲಸ್ ಅಡೇರ್ ಎಂಬ ಇತಿಹಾಸಕಾರರು ಮೋಸ್ಟೆಲರ್ ಅವರಿಗೆ ಒಂದು ಕಿವಿಮಾತು ಹೇಳಿದರು: 'ಮಾಡುವಾಗ', 'ಇರುವಾಗ' ಎಂಬಲ್ಲಿ ಬರುವ 'ಆಗ'ದ ಅರ್ಥದಲ್ಲಿ ಹ್ಯಾಮಿಲ್ಟನ್ 'ವೈಲ್' ಎಂದು ಬರೆಯುತ್ತಾರೆ, ಮ್ಯಾಡಿಸನ್ 'ವೈಲ್ಸ್ಟ್' ಎಂದು ಬರೆಯುತ್ತಾರೆ. ಸುಳಿವು ಎಲ್ಲಿದೆ ಎಂಬುದು ಹೀಗೆ ಗೊತ್ತಾಯಿತು. ದೊಡ್ಡ ಪದಗಳನ್ನು ಬಿಟ್ಟು, ಬರೆಯುವವರೇ ಗಮನಿಸದ ಚಿಲ್ಲರೆ ಪದಗಳನ್ನು ಎಣಿಸಲು ತೊಡಗಿದರು. 'ಅಪಾನ್' ಎಂಬ ಪದ ಹ್ಯಾಮಿಲ್ಟನ್ ಬರಹದಲ್ಲಿ ಸಾವಿರ ಪದಕ್ಕೆ ಸುಮಾರು ಮೂರು ಸಲ ಬರುತ್ತಿತ್ತು; ಮ್ಯಾಡಿಸನ್ ಬರಹದಲ್ಲಿ ಹಲವು ಸಾವಿರ ಪದಗಳಿಗೆ ಒಮ್ಮೆ. 1964ರಲ್ಲಿ ಮೋಸ್ಟೆಲರ್ ಮತ್ತು ವಾಲೇಸ್ ಹನ್ನೆರಡೂ ಮ್ಯಾಡಿಸನ್ ಬರೆದವೆಂದು ತೀರ್ಮಾನಿಸಿದರು, ಇತಿಹಾಸಕಾರರೂ ಬಹುಮಟ್ಟಿಗೆ ಒಪ್ಪಿದರು. ಸುಳಿವು ಕೊಟ್ಟದ್ದು ಓದಿ ಓದಿ ಪಳಗಿದ ಕಣ್ಣು ಎಂಬುದನ್ನು ಎಣಿಕೆಯ ಭಕ್ತರು ಹೇಳಲು ಮರೆಯುತ್ತಾರೆ.

ಇನ್ನೊಂದು ಉದಾಹರಣೆಗೆ ಮೈಸೂರಿನ ನಂಟಿದೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಗ್ರಂಥಾಲಯಕ್ಕೆ ತಂದುಕೊಟ್ಟ ಓಲೆಗರಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಹದಿನೈದು ಅಧಿಕರಣಗಳ ಆ ಗ್ರಂಥ ಒಬ್ಬನೇ ಬರೆದದ್ದೇ? ಥಾಮಸ್ ಟ್ರಾಟ್‌ಮನ್ 1971ರಲ್ಲಿ 'ಚ', 'ವಾ'ಗಳಂಥ ಅವ್ಯಯಗಳನ್ನು ಎಣಿಸಿ ನೋಡಿದರು. ಅದಕ್ಕೂ ಮೊದಲು, ಒಬ್ಬರೇ ಬರೆದದ್ದೆಂದು ಖಚಿತವಿರುವ ಸಂಸ್ಕೃತ ಕೃತಿಗಳ ಮೇಲೆ ಅದೇ ಅಳತೆಗೋಲಿಟ್ಟು, ಒಬ್ಬನ ಬರಹದೊಳಗೇ ಎಷ್ಟು ಏರುಪೇರಾಗುತ್ತದೆ ಎಂದು ಪರೀಕ್ಷಿಸಿಕೊಂಡರು. ನಿಮ್ಮ ಅಧ್ಯಾಯದಲ್ಲಿ ಇಲ್ಲದ ಹೆಜ್ಜೆ ಇದೇ. ಅಧ್ಯಕ್ಷಪ್ರಚಾರ, ಧರ್ಮಸ್ಥೀಯ, ಷಾಡ್ಗುಣ್ಯ ಈ ಮೂರು ಅಧಿಕರಣಗಳು ಮೂರು ಕೈಗಳವು ಎಂದು ಅವರಿಗೆ ಕಂಡಿತು. ಆ ಕೈಗಳು ಯಾರವು ಎಂದು ಅವರು ಹೇಳಲಿಲ್ಲ, ಹೇಳಲು ಬರುವಂತೆಯೂ ಇರಲಿಲ್ಲ. ಗ್ರಂಥ ಹಂತಹಂತವಾಗಿ ಬೆಳೆದದ್ದನ್ನು ಬೇರೆ ರೀತಿ ವಿವರಿಸುವ ವಿದ್ವಾಂಸರು ಆಮೇಲೆ ಬಂದಿದ್ದಾರೆ, ಆ ಚರ್ಚೆ ಇನ್ನೂ ಇದೆ.

ನಮ್ಮಲ್ಲೇ ನೋಡಿ: ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ? ಎಣಿಸಿ ಹೇಳಿಬಿಡಿ ಎಂದು ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಹೋಲಿಸಲು ಇಬ್ಬರ ಬೇರೊಂದು ಕನ್ನಡ ಕೃತಿಯೂ ನಮ್ಮ ಕೈಯಲ್ಲಿಲ್ಲ. ಒಂದೇ ಬಟ್ಟಲಿದ್ದಾಗ ತಕ್ಕಡಿ ಕಟ್ಟುವುದು ಹೇಗೆ?

ಪಬ್ಲಿಯಸ್ ಲೇಖನಗಳಲ್ಲಿ ಬಹುಪಾಲು ಬರೆದ ಕೂಡಲೇ ಪತ್ರಿಕೆಗಳಲ್ಲಿ ಅಚ್ಚಾದವು. ಹ್ಯಾಮಿಲ್ಟನ್ 'ಅಪಾನ್' ಎಂದು ಬರೆದದ್ದನ್ನು ಮುನ್ನೂರು ವರ್ಷ ಕಾಲ ಹತ್ತಾರು ಜನ ಪ್ರತಿ ಮಾಡಲಿಲ್ಲ. ವಚನಗಳ ಕಥೆ ಹಾಗಲ್ಲ. ಹನ್ನೆರಡನೆಯ ಶತಮಾನದಲ್ಲಿ ನುಡಿದದ್ದು. ದೊಡ್ಡ ಪ್ರಮಾಣದಲ್ಲಿ ಸಂಗ್ರಹ, ಸಂಕಲನ ನಡೆದದ್ದು ಹದಿನೈದನೆಯ ಶತಮಾನದ ಹೊತ್ತಿಗೆ, ಶೂನ್ಯಸಂಪಾದನೆಗಳ ಕಾಲದಲ್ಲಿ. ಫ.ಗು. ಹಳಕಟ್ಟಿಯವರಂಥವರು ಮನೆಮನೆ ತಿರುಗಿ ಓಲೆಗರಿ ಕಲೆಹಾಕಿ ಅಚ್ಚಿಗೆ ಇಳಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ನಡುವೆ ಬಂದ ಲಿಪಿಕಾರ ಭಕ್ತ. ಅರ್ಥ ಕೆಡಿಸಬಾರದೆಂಬ ಎಚ್ಚರ ಅವನಿಗೆ ಇತ್ತು. ಆದರೆ ಪ್ರತ್ಯಯ ತನ್ನ ನಾಲಿಗೆಯಲ್ಲಿ ಹೇಗಿದೆಯೋ ಹಾಗೆಯೇ ಅವನು ಓಲೆಗರಿಯ ಮೇಲೆ ಬರೆಯುವ ಕಂಟದ ತುದಿಯಿಂದಲೂ ಇಳಿಯಿತು.

ಒಂದು ಸಾಲು ನೋಡಿ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು 'ನುಡಿದರೆ ಮುತ್ತಿನ ಹಾರದಂತಿರಬೇಕು' ಎಂದು. ವಿದ್ವತ್ ಸಂಪಾದನೆಗಳಲ್ಲಿ ನೋಡಿದರೆ 'ನುಡಿದಡೆ'. ಅರ್ಥ ಕೂದಲೆಳೆಯಷ್ಟೂ ಬದಲಾಗಿಲ್ಲ, ಆದ್ದರಿಂದಲೇ ಯಾರಿಗೂ ಬದಲಾಯಿತೆಂದು ಅನಿಸಲಿಲ್ಲ. ಈಗ ಮೋಸ್ಟೆಲರ್ ಅವರ ಕಣ್ಣಿಂದ ನೋಡಿ. '-ಅಡೆ', '-ಅರೆ', '-ಒಡೆ' ಎಂಬ ಈ ಪ್ರತ್ಯಯವೇ ನಮ್ಮ 'ವೈಲ್' ಮತ್ತು 'ವೈಲ್ಸ್ಟ್'. ಬರೆಯುವವನು ಗಮನಿಸದೆ ಬಿಟ್ಟುಹೋಗುವ ಬೆರಳಚ್ಚು ಇದೇ ಆಗಬೇಕಿತ್ತು. ಪ್ರತಿ ಮಾಡುವವನೂ ಗಮನಿಸದೆ ತಿದ್ದಿಬಿಡುವ ಜಾಗವೂ ಇದೇ. ಕರ್ತೃವಿನ ಕೈ ಎಲ್ಲಿ ಚೆನ್ನಾಗಿ ಮೂಡುತ್ತದೋ ಅಲ್ಲೇ ಲಿಪಿಕಾರನ ಕೈ ಅದನ್ನು ಅಳಿಸಿ ತನ್ನದನ್ನು ಮೂಡಿಸುತ್ತದೆ. ಪ್ರಮುಖ ಪದಗಳನ್ನು ಅವನು ಮುಟ್ಟುವುದಿಲ್ಲ, ಆದರೆ ಅವು ಕರ್ತೃವಿನ ಗುರುತಲ್ಲ, ವಸ್ತುವಿನ ಗುರುತು. ವಚನಗಳಲ್ಲಿ ಚಿಲ್ಲರೆ ಪದ ಎಣಿಸಿದಾಗ ನಮಗೆ ಸಿಗುವವನು ಬಹುಪಾಲು ಬಸವಣ್ಣನವರ ಹೊತ್ತಿನವನಲ್ಲ, ಓಲೆಗರಿಯವನು. ಅವನೂ ಸಿಕ್ಕರೆ ಸಣ್ಣ ಮಾತಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಇನ್ನು ಕನ್ನಡದ್ದೇ ಆದ ಪೇಚು ಒಂದಿದೆ, ನಿಮ್ಮ ತಮ್ಮನಿಗೆ ಇದನ್ನು ಓದಿಸಿ. ಇಂಗ್ಲಿಷಿಗಾಗಿ ಮಾಡಿದ ಪ್ರೋಗ್ರಾಂಗಳು ಎರಡು ಖಾಲಿ ಜಾಗಗಳ ನಡುವೆ ಇರುವುದನ್ನು ಪದ ಎನ್ನುತ್ತವೆ. 'ಕಳಬೇಡ ಕೊಲಬೇಡ' ವಚನವನ್ನು ಹಾಗೆ ಎಣಿಸಿ ನೋಡಿ. ಸಾಮಾನ್ಯವಾಗಿ ಅಚ್ಚಾಗುವ ಪಾಠದಲ್ಲಿ ಕಳಬೇಡ, ಕೊಲಬೇಡ, ನುಡಿಯಲು ಬೇಡ, ಮುನಿಯಬೇಡ, ಅಸಹ್ಯಪಡಬೇಡ, ಬಣ್ಣಿಸಬೇಡ, ಹಳಿಯಲು ಬೇಡ ಎಂದು ಏಳು 'ಬೇಡ'ಗಳಿವೆ. ಏಳು ಪೆಟ್ಟುಗಳ ಮೇಲೆ ನಿಂತ ವಚನ ಅದು. ಪ್ರೋಗ್ರಾಂಗೆ ಸಿಗುವ 'ಬೇಡ' ಎರಡೇ, ಜಾಗ ಬಿಟ್ಟು ಬರೆದವು. ಉಳಿದ ಐದು ಅದಕ್ಕೆ ಐದು ಬೇರೆ ಬೇರೆ ಪದಗಳು, ಒಂದಕ್ಕೊಂದು ಸಂಬಂಧವೇ ಇಲ್ಲ. ಇನ್ನೊಬ್ಬ ಸಂಪಾದಕರು 'ನುಡಿಯಲುಬೇಡ', 'ಹಳಿಯಲುಬೇಡ' ಎಂದು ಕೂಡಿಸಿ ಅಚ್ಚು ಹಾಕಿದರೆ ಆ ಎರಡೂ ಮಾಯ. ಕೊನೆಯ ಸಾಲಿನ 'ಕೂಡಲಸಂಗಮದೇವರನೊಲಿಸುವ' ಎಂಬುದು ಅದರ ಲೆಕ್ಕದಲ್ಲಿ ಒಂದೇ ಪದ. ಜಗತ್ತಿನಲ್ಲಿ ಇನ್ನೆಲ್ಲೂ ಸಿಗದೇ ಇರಬಹುದಾದ ಪದ. ಕನ್ನಡದಲ್ಲಿ ಪದದ ಗಡಿ ಬಹುಮಟ್ಟಿಗೆ ಸಂಪಾದಕರ ಅಭಿರುಚಿ. ಆದ್ದರಿಂದ ಪದಗಳನ್ನು ಎಣಿಸುವ ಬದಲು ಜಾಗಗಳನ್ನೆಲ್ಲ ತೆಗೆದುಹಾಕಿ ಮೂರು ಮೂರು ಅಕ್ಷರಗಳ ತುಣುಕು ಎಣಿಸುವುದು ಮೇಲು. ಸಂಧಿ ಬಿಡಿಸಿ ಪ್ರಕೃತಿ, ಪ್ರತ್ಯಯ ಬೇರೆ ಮಾಡಿ ಎಣಿಸುವುದು ಇನ್ನೂ ಮೇಲು, ಆದರೆ ನಡುಗನ್ನಡದ ಸಂಧಿಯನ್ನು ತಪ್ಪಿಲ್ಲದೆ ಬಿಡಿಸಲು ಯಂತ್ರಕ್ಕಿಂತ ನಿಮ್ಮ ಕೈಯನ್ನೇ ನಾನು ನಂಬುತ್ತೇನೆ. ಹಾಗೆಯೇ, 'ಕೊ' ಎಂಬ ಒಂದು ಅಕ್ಷರವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಶೇಖರಿಸಬಹುದು. ಒಂದೇ ಬಗೆಗೆ ತಂದುಕೊಳ್ಳದೆ ಎಣಿಸಲೇಬಾರದು. ಅಂಕಿತವನ್ನಂತೂ ಮೊದಲೇ ತೆಗೆದಿಡಿ. ಅದನ್ನು ಹಾಗೇ ಉಳಿಸಿಕೊಂಡರೆ ಅಲ್ಲಮನನ್ನೂ ಬಸವಣ್ಣನವರನ್ನೂ ಬೇರೆ ಮಾಡಲು ಪ್ರೋಗ್ರಾಂಗೆ 'ಗುಹೇಶ್ವರ' ಎಂಬ ಒಂದೇ ಪದ ಸಾಕು.

ಜಾಗ ನೋಡಿ ಎಣಿಸಿದರೆ ಇಡೀ 'ಕಳಬೇಡ ಕೊಲಬೇಡ' ವಚನದಲ್ಲಿ ಸಿಗುವುದು ಇಪ್ಪತ್ತೊಂದು ಪದ. ಪಬ್ಲಿಯಸ್ ಪ್ರಬಂಧಗಳಲ್ಲಿ ಬಹುಪಾಲು ಸಾವಿರದಿಂದ ಮೂರು ಸಾವಿರ ಪದಗಳ ಆಸುಪಾಸಿನವು. ಕಾದಂಬರಿಗಳ ಮೇಲೆ ಪ್ರಯೋಗ ಮಾಡಿದ ಪೋಲೆಂಡಿನ ಸಂಶೋಧಕರೊಬ್ಬರು ನೆಚ್ಚಿಕೊಳ್ಳುವಂಥ ಫಲಿತಾಂಶಕ್ಕೆ ಸುಮಾರು 5,000 ಪದ ಬೇಕು ಎಂದರು. ಭಾಷೆ, ಪ್ರಕಾರ ನೋಡಿ ಇದು ಹೆಚ್ಚು ಕಡಿಮೆಯಾಗುತ್ತದೆ. ಇಪ್ಪತ್ತೊಂದಕ್ಕೆ ಇಳಿಯುವುದಿಲ್ಲ. ಒಂದು ಬಿಡಿ ವಚನವನ್ನು ಹಿಡಿದು 'ಇದು ಇವರದಲ್ಲ' ಎಂದು ಎಣಿಕೆಯಿಂದ ಹೇಳುವವರು ಯಾರೇ ಆಗಲಿ, ನಂಬಬೇಡಿ. ಗುಂಪಿನ ಬಗ್ಗೆ ಏನಾದರೂ ಹೇಳಬಹುದು, ಬಿಡಿಯ ಬಗ್ಗೆ ಆಗದು.

ಹಾಗಾದರೆ ಅಧ್ಯಾಯದ ಗತಿ? ನನಗೆ ಮೂರು ದಾರಿ ಕಾಣುತ್ತಿವೆ.

ಸುಲಭದ್ದು, ಕರ್ತೃತ್ವದ ಪ್ರಶ್ನೆಯನ್ನೇ ಕೈಬಿಟ್ಟು ಇದೇ ಎಣಿಕೆಯನ್ನು ಬೇರೆ ಕೆಲಸಕ್ಕೆ ಹಚ್ಚುವುದು. ನಿಷೇಧ, ಸಂಬೋಧನೆ, ಪ್ರಶ್ನೆ ಈ ಮೂರು ಯಾವ ವಚನಕಾರರಲ್ಲಿ ಹೇಗೆ ಹಂಚಿಹೋಗಿವೆ ಎಂಬುದನ್ನೇ ತೆಗೆದುಕೊಳ್ಳಿ. 'ಬೇಡ'ದ ಏಳು ಪೆಟ್ಟು ಬಸವಣ್ಣನವರ ಅಂಕಿತದಲ್ಲಿ ಒಂದು ಸಲದ ಮಾತೋ, ಅಭ್ಯಾಸವೋ? 1993ರಲ್ಲಿ ಬಂದ ಸಮಗ್ರ ವಚನ ಸಂಪುಟಗಳು ಹದಿನೈದಿವೆ. ಎಲ್ಲ ವಚನಗಳನ್ನೂ ಅದೊಂದೇ ಪಾಠದಿಂದ ತೆಗೆದುಕೊಂಡರೆ ಟೈಪಿಸ್ಟರ ಕಾಟ ಅರ್ಧ ತಪ್ಪುತ್ತದೆ. ಪರೀಕ್ಷಕರು 'ಇದರಲ್ಲಿ ಹೊಸದೇನು?' ಎಂದು ಕೇಳಬಹುದು ಎಂಬುದೊಂದೇ ಇದರ ಅಪಾಯ. ಎಣಿಸಿದ್ದನ್ನು ಮತ್ತೆ ಓದಿಗೆ ತಂದು ಕೂಡಿಸಿದರೆ ಆ ಪ್ರಶ್ನೆ ಏಳುವುದಿಲ್ಲ.

ಎರಡನೆಯದು, ಕರ್ತೃತ್ವವನ್ನೇ ಹಿಡಿದು, ಆದರೆ ಸರಿಯಾಗಿ ಮಾಡುವುದು. ಕಡತ ಶುದ್ಧಿಗೆ ಆರು ತಿಂಗಳು ಇಟ್ಟುಕೊಳ್ಳಿ, ಉತ್ಪ್ರೇಕ್ಷೆಯಲ್ಲ. ಆಮೇಲೆ ಮೊದಲು ಅಳತೆಗೋಲನ್ನೇ ಅಳೆಯಿರಿ. ಒಂದೇ ಛಂದಸ್ಸಿನ ಕೃತಿಗಳ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು; ಭಾಮಿನಿ ಷಟ್ಪದಿಯಲ್ಲಿ ಕುಮಾರವ್ಯಾಸನ ಹತ್ತು ಪರ್ವ ಇದೆ, ಉಳಿದ ಪರ್ವಗಳನ್ನು ಬರೆದು ಭಾರತವನ್ನು ಮುಗಿಸಿದ ತಿಮ್ಮಣ್ಣ ಕವಿ ಇದ್ದಾನೆ, ತೊರವೆ ರಾಮಾಯಣವಿದೆ. ಕರ್ತೃ ಗೊತ್ತಿರುವ ಈ ಭಾಗಗಳನ್ನು ನಿಮ್ಮ ಪ್ರೋಗ್ರಾಂ ಗುರುತಿಸದಿದ್ದರೆ ಗೊತ್ತಿಲ್ಲದ್ದನ್ನು ಗುರುತಿಸುವ ಮಾತೇ ಬೇಡ. ನಂತರ ಚೀಟಿ ಎತ್ತುವ ಪರೀಕ್ಷೆ: ಬಸವಣ್ಣನವರ ಅಂಕಿತದ ವಚನಗಳು ಸಾವಿರಕ್ಕೂ ಹೆಚ್ಚಿವೆಯಲ್ಲ, ಅವುಗಳಲ್ಲಿ ಕಣ್ಣುಮುಚ್ಚಿ 60 ಎತ್ತಿ, ಉಳಿದವುಗಳಿಂದ ಅವು ಎಷ್ಟು ದೂರ ಇವೆ ನೋಡಿ. ಇದನ್ನು ಸಾವಿರ ಸಲ ಮಾಡಿಸಿ, ಯಂತ್ರಕ್ಕೆ ಬೇಸರವಿಲ್ಲ. ಹೀಗೆ ಕಣ್ಣುಮುಚ್ಚಿ ಎತ್ತಿದ ಗುಂಪುಗಳಲ್ಲಿ ಅನೇಕ ನಿಮ್ಮ ಅನುಮಾನದ ಗುಂಪಿನಷ್ಟೇ ದೂರ ನಿಂತರೆ ಅನುಮಾನಕ್ಕೆ ಎಣಿಕೆಯ ಬೆಂಬಲವಿಲ್ಲ. ಇಲ್ಲಿ ಅಪಾಯ ಎರಡು. ಉತ್ತರ 'ಗೊತ್ತಾಗಲಿಲ್ಲ' ಎಂದು ಬರಬಹುದು, ಹಾಗೆಯೇ ಬರೆಯುವ ಧೈರ್ಯ ಬೇಕು. ಇಪ್ಪತ್ತು ಬಗೆಯಲ್ಲಿ ಅಳೆದು ತಮಗೆ ಬೇಕಾದ ಉತ್ತರ ಕೊಟ್ಟ ಒಂದನ್ನು ಮಾತ್ರ ಬರೆಯುವವರಿದ್ದಾರೆ; ಇಪ್ಪತ್ತರಲ್ಲಿ ಒಂದು ಸುಮ್ಮನೆ ಆಕಸ್ಮಿಕವಾಗಿಯೂ ಹೊಂದುತ್ತದೆ. ಎರಡನೆಯ ಅಪಾಯ ಪಟ್ಟಿಯಲ್ಲಿ ಇಲ್ಲದವರದು. 'ಬಸವಣ್ಣನೋ ಚೆನ್ನಬಸವಣ್ಣನೋ' ಎಂದು ಕೇಳಿದರೆ ಪ್ರೋಗ್ರಾಂ ಇಬ್ಬರಲ್ಲಿ ಒಬ್ಬರ ಹೆಸರು ಹೇಳಿಯೇ ತೀರುತ್ತದೆ, ಬರೆದವನು ಹೆಸರೇ ಉಳಿಯದ ಮೂರನೆಯ ಭಕ್ತನಾಗಿದ್ದರೂ. 1612ರ ಶೋಕಗೀತೆಯೊಂದು ಶೇಕ್ಸ್‌ಪಿಯರನದು ಎಂದು ಡೊನಾಲ್ಡ್ ಫಾಸ್ಟರ್ ಬಲವಾಗಿ ವಾದಿಸಿದ್ದರು, ಸಂಕಲನಗಳಿಗೂ ಅದು ಸೇರಿಕೊಂಡಿತು. 2002ರಲ್ಲಿ ಅದು ಜಾನ್ ಫೋರ್ಡ್ ಎಂಬ ಕವಿಯದೆಂಬ ವಾದಕ್ಕೆ ಒಪ್ಪಿ ತಾವೇ ಹಿಂದೆ ಸರಿದರು. ಹಿಂದೆ ಸರಿದದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ.

ಮೂರನೆಯ ದಾರಿ ನನಗೆ ಇಷ್ಟವಾದದ್ದು, ಕಷ್ಟದ್ದೂ ಹೌದು. ಪದ ಬಿಟ್ಟು ಪಾಠಾಂತರ ಎಣಿಸಿ. ಎಣಿಕೆಗೆ ಸಿಗುವವನು ಲಿಪಿಕಾರನೇ ಆದರೆ ಅವನನ್ನೇ ಹಿಡಿಯೋಣ. ಯಾವ ಓಲೆಗರಿಯಲ್ಲಿ 'ನುಡಿದಡೆ' ಇದೆ, ಯಾವುದರಲ್ಲಿ 'ನುಡಿದರೆ', ಯಾವುದು ಯಾವ ತಪ್ಪನ್ನು ಯಾವುದರ ಜೊತೆ ಹಂಚಿಕೊಂಡಿದೆ ಎಂದು ಕೋಷ್ಟಕ ಮಾಡಿದರೆ ಪ್ರತಿಗಳ ವಂಶವೃಕ್ಷ ಬಿಡಿಸಬಹುದು. ಜೀವಿಗಳ ವಂಶ ಹುಡುಕುವ ಜೀವವಿಜ್ಞಾನದ ವಿಧಾನವನ್ನೇ ಬಳಸಿ ಹಳೆಯ ಇಂಗ್ಲಿಷ್ ಕವಿ ಚಾಸರನ ಕೃತಿಯ ಒಂದು ಭಾಗದ 58 ಹಸ್ತಪ್ರತಿಗಳಿಗೆ 1998ರಲ್ಲಿ ಹೀಗೆ ಮಾಡಿದರು. ನಿಮ್ಮ 60 ವಚನಗಳು ಆ ವೃಕ್ಷದ ಒಂದೇ ಕೊಂಬೆಯಲ್ಲಿ ಮಾತ್ರ ಸಿಕ್ಕಿ, ಉಳಿದ ಕೊಂಬೆಗಳಲ್ಲಿ ಇಲ್ಲವೇ ಇಲ್ಲ ಎಂದಾದರೆ, ಅದು ಶೇ 83ಕ್ಕಿಂತ ಗಟ್ಟಿಯಾದ ಮಾತು. ತಕ್ಕಡಿ ಎಂದರೆ ಸಿಡುಕುವ ಮಾರ್ಗದರ್ಶಕರೂ ಇದನ್ನು ಗ್ರಂಥಸಂಪಾದನೆ ಎಂದು ಸಂತೋಷದಿಂದ ಒಪ್ಪುತ್ತಾರೆ. ಕಷ್ಟ ಏನೆಂದರೆ ಧಾರವಾಡ, ಮೈಸೂರುಗಳ ಹಸ್ತಪ್ರತಿ ಭಂಡಾರಗಳಲ್ಲಿ ವಾರಗಟ್ಟಲೆ ಕೂರಬೇಕು, ಓಲೆಗರಿ ಓದಲು ಕಲಿಯಬೇಕು, ಕೆಲವು ಪ್ರತಿಗಳು ನೋಡಲು ಸಿಗದೆಯೂ ಹೋಗಬಹುದು. ರಜೆ ಎಷ್ಟಿದೆ ಎಂಬುದು ನಿಮಗೇ ಗೊತ್ತು.

ತೀರ್ಮಾನಿಸುವ ಮೊದಲು ಒಂದು ಸಣ್ಣ ಕೆಲಸ ಮಾಡಿ. 60 ವಚನಗಳನ್ನು ನೀವು ಆರಿಸಿದ ಹಳೆಯ ಮುದ್ರಣದ ಮುನ್ನುಡಿಯಲ್ಲಿ, ಯಾವ ಊರಿನ, ಯಾವ ಮಠದ, ಯಾರ ಮನೆಯ ಪ್ರತಿಗಳನ್ನು ನೋಡಿದ್ದೇವೆಂದು ಸಂಪಾದಕರು ಸಾಮಾನ್ಯವಾಗಿ ಬರೆದಿರುತ್ತಾರೆ. ವಚನದ ಅಡಿಯಲ್ಲಿ ಪ್ರತಿಯ ಸಂಕೇತಾಕ್ಷರವೂ ಇರಬಹುದು. ನಿಮ್ಮ 60ರ ಎದುರು ಆ ಸಂಕೇತಗಳನ್ನು ಬರೆದುಕೊಂಡು, ಅವು ಎಷ್ಟು ಪ್ರತಿಗಳಿಂದ ಬಂದಿವೆ ಎಣಿಸಿ. ಒಂದೆರಡರಿಂದಲೇ ಬಂದಿದ್ದರೆ ಮೂರನೆಯ ದಾರಿಯ ಬಾಗಿಲು ತೆರೆದಿದೆ ಎಂದರ್ಥ. ಮುನ್ನುಡಿಯ ಆ ಪುಟದ ಫೋಟೋ ತೆಗೆದು ನನಗೆ ಕಳಿಸಿ. ಡಿ.ಟಿ.ಪಿ. ಅಂಗಡಿಗೆ ಮಾತ್ರ ಟೈಪ್ ಮಾಡಿಸಲು ಕೊಡಬೇಡಿ.